ತಣ್ಣನ ಉರಿ

"ಹಿಡಿಯೇ ವರದಾ. ಕೈ ನಂದು, ತೊಗಲು ನಂದು. ನಿನಗ್ಯಾಕ ಹೆದರಿಕಿ?"

ಡಾಕ್ಟರ್ ವರದಾ ನನ್ನ ಮುಂಗೈ ತನಕ ತಂದ ಬೆರಳುಗಳನ್ನು ಮತ್ತೆ ಹಿಂದಕ್ಕೆ ಎಳೆದುಕೊಂಡಳು. ಅವುಗಳ ನಡುವೆ ಪೆನ್ನಿನಂಥ ಒಂದು ಉಪಕರಣ. ಅದರ ತುದಿಯಲ್ಲಿ ನೇರಳೆ ಬಣ್ಣದ ಸಣ್ಣ ಕುಡಿಯೊಂದು ಸುಯ್ಯೆನ್ನುತ್ತಿತ್ತು. ಬೈಲಹೊಂಗಲದ ಅವಳ ಆಸ್ಪತ್ರೆಯ ಆ ಇಕ್ಕಟ್ಟಿನ ಕೋಣೆಯಲ್ಲಿ ನಾವು ನಾಲ್ಕು ಜನ. ವರದಾ, ಅವಳ ಹಳೆಯ ಗೆಳತಿ ನಾನು, ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಪಿಎಸ್‌ಐ ವೀರಪ್ಪ, ಮೂಲೆಯಲ್ಲಿ ನರ್ಸ್ ತಂಗೆವ್ವ.

ಒಳಗೆ ಬರುವ ಮೊದಲೇ ತಂಗೆವ್ವ ಎಲ್ಲರ ಫೋನು ಇಸಿದುಕೊಂಡು ಹೊರಗಿನ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಯಂತ್ರ ನಡೆಯುವಾಗ ಫೋನು ಹತ್ತಿರ ಇರಬಾರದು ಎಂಬುದು ಅಲ್ಲಿನ ನಿಯಮ. ಪಿಎಸ್‌ಐ ಗುರ್ ಎಂದಾಗ, "ಕಾನೂನ ನಿಮ್ದು ಠಾಣ್ಯಾಗ್ರಿ ಸಾಹೇಬರ, ಇಲ್ಲಿ ಮಷೀನಿಂದು" ಎಂದಿದ್ದಳು. ಆ ಒಂದು ಮಾತಿಗೆ ನಾನು ಅವಳನ್ನು ಮೆಚ್ಚಿಬಿಟ್ಟಿದ್ದೆ.

ನೇರಳೆ ಕುಡಿ ನನ್ನ ಮುಂಗೈ ಮೇಲೆ ಇಳಿಯಿತು. ವೀರಪ್ಪ ಕತ್ತು ಚಾಚಿದರು.

ಇರುವೆ ಹರಿದಂಥ ಸಣ್ಣ ಕಚಗುಳಿ. ಹಿಟ್ಟಿನ ಗಿರಣಿಯ ಮೋಟಾರಿನ ಪಕ್ಕ ನಿಂತಾಗ ಮೂಗಿಗೆ ಬಡಿಯುವಂಥ ವಾಸನೆ. ಅಷ್ಟೇ. ವರದಾ ಅದನ್ನು ಅತ್ತಿತ್ತ ಆಡಿಸಿದಳು. ಒಂದೇ ಕಡೆ ನಿಲ್ಲಿಸು ಎಂದೆ, ನಿಲ್ಲಿಸಿದಳು. ತೆಗೆದಾಗ ನನ್ನ ಕೈ ಹೇಗಿತ್ತೋ ಹಾಗೇ ಇತ್ತು. ಕೆಂಪು ಕೂಡ ಆಗಿರಲಿಲ್ಲ.

"ನೋಡ್ರಿ ವೀರಪ್ಪನವರ. ಇದು ಸುಡೂದಿಲ್ಲ."

"ನಿಮಗ ಸುಡಲಿಲ್ಲ ಬಿಡ್ರಿ" ಎಂದರು ವೀರಪ್ಪ. "ಮಧು ಅನ್ನಾಕಿಗೆ ಸುಟ್ಟೇತಲ್ಲ. ಧಾರವಾಡದ ಆಸ್ಪತ್ರ್ಯಾಗ ಮಲಗ್ಯಾಳ. ಗಾಯಕ್ಕ ನಂಜ ಏರೇತಿ, ರಕ್ತಕ್ಕ ಹೋದ್ರ ಉಳಿಯೂದು ಕಷ್ಟ ಅಂತ ಅಲ್ಲಿ ಡಾಕ್ಟರು ಹೇಳ್ಯಾರ. ಗಂಡ ಮಹಾಂತಪ್ಪ ಕಂಪ್ಲೇಂಟ್ ಕೊಟ್ಟಾನ. ಮಷೀನ್ ಹಚ್ಚಿ ನನ್ನ ಹೇಣ್ತಿನ್ನ ಸುಟ್ರು ಅಂತ. ನಾ ಏನ್ ಮಾಡ್ಲಿ?"

ಓದುಗರಲ್ಲಿ ಯಾರಿಗಾದರೂ ಹಿಂದಿನ ಕಂತು ಮರೆತಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತೇನೆ: ದೊಡವಾಡದ ಮಧು ಎರಡು ಹೆರಿಗೆಯಲ್ಲಿ ಹರಿದು ಅಡ್ಡಾದಿಡ್ಡಿ ಕೂಡಿಕೊಂಡಿದ್ದ ತನ್ನ ಗುಪ್ತಾಂಗವನ್ನು ನೋವಿಲ್ಲದಂತೆ, ಚಂದವಾಗುವಂತೆ ಸರಿಮಾಡಿಸಿಕೊಳ್ಳಲು ಇಲ್ಲಿಗೆ ಬಂದಿದ್ದಳು, ಆಪರೇಷನ್ನಿನ ಗಾಯ ಮಾಯಲು ವರದಾ ಈ ಯಂತ್ರ ಹಿಡಿಯುತ್ತಿದ್ದಳು.

ಅದು ಅವಳ ಮೈ, ಅವಳ ಇಚ್ಛೆ. ಠಾಣೆಯಲ್ಲಿ ಈ ವಿಷಯ ಬಂದಾಗ ಇಬ್ಬರು ಕಾನ್‌ಸ್ಟೇಬಲ್‌ಗಳು ಮುಸಿಮುಸಿ ನಕ್ಕಿದ್ದರು. ಗಂಡಸರು ಬೋಳುತಲೆಗೆ ಕೂದಲು ನೆಡಿಸಿಕೊಂಡು ಬಂದರೆ ಹಾರ ಹಾಕುವ ಜನ. ನನಗೆ ಮೈಯೆಲ್ಲ ಉರಿದುಹೋಗಿತ್ತು.

"ಸಂಜಿ ತನಕ ಟೈಮ್ ಕೊಡತೇನಿ" ಎಂದರು ವೀರಪ್ಪ. "ಅಷ್ಟರಾಗ ಬ್ಯಾರೆ ಏನಾರ ತೋರಿಸಿದ್ರ ಸರಿ. ಇಲ್ಲಂದ್ರ ಇವರನ್ನ ಅರೆಸ್ಟ್ ಮಾಡಬೇಕಾಕ್ಕತಿ. ಈಗ ಹೇಳಿಕೆ ಕೊಡಾಕ ಠಾಣೆಗೆ ಬರಲಿ. ಇವರ ಫೋನ್ ನಮ್ಮ ಕಡೆನ ಇರ್ತೈತಿ."

ವರದಾ ಯಂತ್ರ ಆರಿಸಿದಳು. ಕಾಲೇಜಿನಲ್ಲಿ ಹೆಣ ಕೊಯ್ಯುವಾಗಲೂ ಅಲುಗದ ಹುಡುಗಿ ಎಂದು ಅವಳಿಗೆ ಹೆಸರಿತ್ತು. ಈಗ ಕಣ್ಣು ತುಂಬಿಕೊಂಡು ನಿಂತಿದ್ದಳು.

"ಪ್ರಿಯಂವದಾ, ಇವತ್ತ ನನ್ನ ಕೈಗೆ ಬೇಡಿ ಬಿತ್ತಂದ್ರ ನಾಳೆ ಯಾವ ಹೆಣ್ಣಮಗಳೂ ಇಂಥಾ ತ್ರಾಸು ಬಾಯಿಬಿಟ್ಟು ಹೇಳೂದಿಲ್ಲ. ಈ ಮಷೀನಿಗೆ ಪ್ಲಾಸ್ಮಾ ಅಂದ್ರಽ ಎದ್ದು ಓಡತಿದ್ರು. ಕೊರೋನಾದಾಗ ಕೇಳಿದ್ದರಲ್ಲ, ಪ್ಲಾಸ್ಮಾ ಅಂದ್ರ ರಕ್ತಾ ತಗೊಳ್ಳೂದು ಅಂತ. ಅದಕ್ಕ ನಾ ಹೆಸರಽ ಬದಲಿ ಮಾಡಿದೆ. ತಣ್ಣನ ಉರಿ ಅಂದೆ. ಈಗ ಎಲ್ಲಾರೂ 'ಉರಿ ಹಿಡಿಸಿಕೊಳ್ಳಾಕ ಬಂದೇವ್ರಿ' ಅಂತ ಧೈರ್ಯಲೆ ಬರತಾರ."

ಆ ಮಾತು ನನ್ನ ಕಿವಿಗೆ ಬಿತ್ತು, ಆದರೆ ಆಗ ಅಷ್ಟಾಗಿ ಮನಸ್ಸಿಗೆ ಹೋಗಲಿಲ್ಲ.

"ಸಾಹೇಬರ, ಧಾರವಾಡದಿಂದ ತಂದದ್ದು ಏನಾದರೂ ಅದ ಏನು?"

ವೀರಪ್ಪ ಹೊರಗೆ ಬಂದು ಜೀಪಿನಿಂದ ಒಂದು ಪ್ಲಾಸ್ಟಿಕ್ ಚೀಲ ತರಿಸಿದರು. ಮಧುವಿನ ಗಾಯದಿಂದ ಬಿಡಿಸಿದ ಡ್ರೆಸ್ಸಿಂಗ್ ಬಟ್ಟೆ. ಜೊತೆಗೆ ಗಾಯದ ಫೋಟೋ. ತಂಗೆವ್ವ ಡಬ್ಬಿ ತೆರೆದು ಫೋನುಗಳನ್ನು ಒಂದೊಂದಾಗಿ ಅವರವರ ಕೈಗೆ ಕೊಟ್ಟಳು. ವರದಾಳದ್ದನ್ನು ಮಾತ್ರ ವೀರಪ್ಪ ಕೈಚಾಚಿ ತೆಗೆದುಕೊಂಡರು.

ನಾನು ಫೋಟೋ ನೋಡಿದೆ. ನೋಡಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಯಿತು. ಸುಟ್ಟದ್ದು ತೊಡೆಗಳ ಹಿಂಭಾಗದಿಂದ, ಕೆಳಗಿನಿಂದ ಮೇಲಕ್ಕೆ ಹೋಗಿತ್ತು. ಮಲಗಿದವಳಿಗೆ ವರದಾ ಮುಂದೆ ನಿಂತು ಯಂತ್ರ ಹಿಡಿಯುತ್ತಾಳೆ. ಅದು ಹೇಗೆ ಬೆನ್ನಿನ ಕಡೆಯಿಂದ ಸುಟ್ಟೀತು?

ಚೀಲದ ಬಾಯಿ ಬಿಚ್ಚಿ ಮೂಗಿನ ಹತ್ತಿರ ತಂದೆ. ವೀರಪ್ಪ ಮುಖ ಸಿಂಡರಿಸಿದರು.

ಔಷಧಿಯ ಘಾಟಿನ ಹಿಂದೆ ಇನ್ನೊಂದು ವಾಸನೆ ಇತ್ತು. ಹೊಗೆಯದು. ಬಟ್ಟೆಯ ಮಡಿಕೆಯಲ್ಲಿ ಕಪ್ಪಗೆ ಒಂದೆರಡು ಕಾಳು ಅಂಟಿಕೊಂಡಿದ್ದವು. "ಅದು ಮಷೀನಿನ ಕಾರ್ಬನ್ ಇರಬೇಕು" ಎಂದರು ವೀರಪ್ಪ. ಉಗುರಿನಿಂದ ಕೆದರಿ ತೋರಿಸಿದೆ.

"ಅಜವಾನ ಸಾಹೇಬರ. ಹುರದು ಕರಕಾಗೇದ."

"ಹೊಟ್ಟಿನೋವಿಗೆ ತಿಂದಿರಬೇಕು."

"ತಿಂದದ್ದು ಬಾಯಿಗೆ ಹೋಗತದ ವೀರಪ್ಪನವರ. ಡ್ರೆಸ್ಸಿಂಗಿಗೆ ಹೋಗೂದಿಲ್ಲ."

ಅವರು ಚೀಲ ಇಸಿದುಕೊಂಡು ತಾವೇ ನೋಡಿದರು. ನಾನು ವರದಾಳ ಕಡೆ ತಿರುಗಿದೆ.

"ಮಧು ಈ ಆಪರೇಷನ್ ಬಗ್ಗೆ ಮನಿಯೊಳಗ ಏನಂತ ಹೇಳಿದ್ಲು?"

"ಗಂಡಗ ಗೊತ್ತದ. ಅವನಽ ಕರಕೊಂಡು ಬಂದಿದ್ದ. ಆದರ ಅತ್ತಿಗೆ ಹೇಳ್ಲಿಕ್ಕೆ ನಾಚಿಕಿ. ಗರ್ಭ ನಿಂತಿತ್ತು, ಉಳೀಲಿಲ್ಲ ಅಂತ ಹೇಳೇನಿ ಅಂದ್ಲು. ಅಷ್ಟಽ."

ಅಷ್ಟೇ ಅಂತೆ. ನಾನು ಹಣೆ ಗಟ್ಟಿಸಿಕೊಂಡೆ. ದೊಡ್ಡ ದೊಡ್ಡ ಪುಸ್ತಕ ಓದಿದ ನನ್ನ ಗೆಳತಿ ಇದೇ ನಾಡಿನಲ್ಲಿ ಹುಟ್ಟಿ ಬೆಳೆದವಳು. ಗರ್ಭ ಇಳಿದ ಹೆಂಗಸನ್ನು ನಮ್ಮ ಮನೆಗಳಲ್ಲಿ ಬಾಣಂತಿಯ ಹಾಗೇ ನೋಡುತ್ತಾರೆ. ಹೊರಸಿನ ಮೇಲೆ ಮಲಗಿಸುತ್ತಾರೆ. ಹೊರಸಿನ ಕೆಳಗೆ ಶೇಗಡಿಯಲ್ಲಿ ಕುಳ್ಳಿನ ಕೆಂಡ ಇಟ್ಟು, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಕಾಸುತ್ತಾರೆ. ಹತ್ತಿ, ಬಟ್ಟೆ, ಎಣ್ಣೆಯಂಥ ಮುಲಾಮು ಸುತ್ತಿಕೊಂಡ ಹಸಿ ಗಾಯದ ಕೆಳಗೆ ಕೆಂಡ!

"ವೀರಪ್ಪನವರ, ಸಂಜಿ ತನಕ ಅಂದೀರಿ. ಮಾತಿಗೆ ತಪ್ಪಬ್ಯಾಡ್ರಿ."

ಹೊರಡುವ ಮೊದಲು ಒಂದು ಕೆಲಸ ಮಾಡಿದೆ. ಮಹಾಂತಪ್ಪ ಆಸ್ಪತ್ರೆಗೂ ಠಾಣೆಗೂ ಓಡಾಡುತ್ತಿದ್ದ. ಮಧುವಿನ ಹತ್ತಿರ ಹೆಣ್ಣುಮಕ್ಕಳು ಯಾರೂ ಇರಲಿಲ್ಲ. ಎಚ್ಚರಾದರೆ ಅವಳು ಏನು ಹೇಳುತ್ತಾಳೋ ಕೇಳಿಸಿಕೊಳ್ಳಲು ಒಂದು ನಂಬಿಗಸ್ತ ಜೀವ ಬೇಕಿತ್ತು.

"ತಂಗೆವ್ವಾ, ಧಾರವಾಡಕ್ಕ ಹೋಗಿ ಮಧು ಹತ್ರ ಕುಂದರತೀರೇನು? ಗುರುತಿನ ಮುಖ ಇದ್ರ ಅಕಿಗೆ ಧೈರ್ಯ."

"ಹೋಗತೇನ್ರಿ ಬಾಯಾರ. ನೀವು ಹೇಳೂದ ಹೆಚ್ಚು, ನಾ ಹೋಗೂದ ಹೆಚ್ಚು?" ಎಂದು ಅಲ್ಲೇ ಸೆರಗು ಸಿಕ್ಕಿಸಿ ಬಸ್‌ಸ್ಟ್ಯಾಂಡ್ ಕಡೆ ನಡೆದಳು.

ದೊಡವಾಡಕ್ಕೆ ನಾನು ಒಬ್ಬಳೇ ಹೋಗುವವಳಿದ್ದೆ. ವರದಾಳ ಗಂಡ ಸಮೀರ ಬಿಡಲಿಲ್ಲ. "ಈ ಬಿಸಿಲಾಗ ಬಸ್ಸಿಗೆ ಯಾಕ ಹೋಗತೀರಿ? ಕಾರು ತಗೀತೀನಿ" ಎಂದ. ಆಸ್ಪತ್ರೆಯ ಹೊರಗಿನ ವ್ಯವಹಾರವನ್ನೆಲ್ಲ ಅವನೇ ನೋಡಿಕೊಳ್ಳುತ್ತಾನೆ. ಹೆಂಡತಿ ಠಾಣೆಯಲ್ಲಿ ಕೂತಿರುವಾಗ ಅವನು ನನ್ನ ಜೊತೆ ಬರಲು ಇಷ್ಟೇಕೆ ತವಕಪಟ್ಟ ಎಂದು ನನಗೆ ಆಗಲೇ ಒಂದು ಅನುಮಾನ ಹೊಕ್ಕಿತು.

ಎರಡೂ ಬದಿಗೆ ಕರಿನೆಲ, ಕಡಲೆ ಕಿತ್ತ ಹೊಲಗಳು. ಸಮೀರ ದಾರಿಯುದ್ದಕ್ಕೂ ಮಾತಾಡಿದ.

"ನಾ ಮೊದಲಽ ಹೇಳಿದ್ದೆ ನೋಡ್ರಿ, ಈ ಮಷೀನು ಬ್ಯಾಡ ಅಂತ. ಹೆರಿಗಿ ಮಾಡಿಕೋತ ಆರಾಮ ಇದ್ವಿ. ಇದು ಬಂದಾಗಿಂದ ಮನಿಯೊಳಗ ಮಾತಽ ಇಲ್ಲ. ಹಗಲೂ ರಾತ್ರಿ ಅದಽ ಧ್ಯಾನ ಅಕಿಗೆ."

"ಆಸ್ಪತ್ರಿ ಮುಚ್ಚಿದ್ರ ನಿಮಗ ಸಮಾಧಾನ ಅನ್ರಿ."

"ಹಂಗಲ್ಲ." ಅವನು ನಕ್ಕ. "ಕಿತ್ತೂರ ಹತ್ರ ಹೈವೇಗೆ ಹತ್ತಿ ಒಂದು ಜಾಗಾ ನೋಡಿಟ್ಟೀನಿ. ಖಾನಾವಳಿ ಹಾಕಬೇಕು ಅಂತ ಭಾಳ ದಿನದ ಆಸೆ. ವರದಾ ಒಪ್ಪವಲ್ಲಳು."

ನನ್ನ ಕಣ್ಣು ಕಾರಿನ ಕೀಲಿಗೊಂಚಲಿನ ಮೇಲೆ ಬಿತ್ತು. ಅದರಲ್ಲಿ ಒಂದು ಚಪ್ಪಟೆ ಕೀಲಿ, ಕೆಂಪು ದಾರ ಕಟ್ಟಿದ್ದು. ಬೆಳಿಗ್ಗೆ ತಂಗೆವ್ವನ ಸೊಂಟದಲ್ಲಿ ಕಂಡದ್ದು ಇದರ ಜೋಡಿಯೇ.

"ಇದು ಫೋನಿನ ಡಬ್ಬೀದೇನು?"

"ಹೌದು. ಒಂದು ತಂಗೆವ್ವನ ಕಡೆ, ಒಂದು ನನ್ನ ಕಡೆ. ಯಾಕ?"

"ಸುಮ್ಮನ ಕೇಳಿದೆ" ಎಂದೆ.

ಮಹಾಂತಪ್ಪನ ಮನೆ ಊರೊಳಗೆ, ದೊಡ್ಡ ಬಾಗಿಲಿನ ಮನೆ. ಅವನದು ಸವದತ್ತಿ, ರಾಮದುರ್ಗದ ಸಂತೆಗಳಿಗೆ ಬೀಜ, ಗೊಬ್ಬರ ಸಾಗಿಸುವ ವ್ಯಾಪಾರ. ವಾರದಲ್ಲಿ ನಾಲ್ಕು ದಿನ ಊರಲ್ಲಿ ಇರುವುದಿಲ್ಲ. ಮಧು ಸುಟ್ಟುಕೊಂಡ ರಾತ್ರಿಯೂ ಅವನು ರಾಮದುರ್ಗದಲ್ಲಿದ್ದ. ಸಮೀರನನ್ನು ಬೀದಿಯ ನಲ್ಲಿಯ ಹತ್ತಿರ ಬೇವಿನ ನೆರಳಿನಲ್ಲಿ ನಿಲ್ಲಿಸಿ ನಾನು ಒಳಗೆ ಹೋದೆ.

ಮಧುವಿನ ಅತ್ತೆ ಸೋಮವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೈ ಮೊರದ ಮೇಲೆ ಆಡುತ್ತಿತ್ತು, ಕಾಳು ಮಾತ್ರ ಅಲ್ಲೇ ಇತ್ತು. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದಳೋ.

"ಆಸ್ಪತ್ರಿ ಕಡೆಯಿಂದ ಬಂದೀನ್ರಿ. ಮಧು ಸಲುವಾಗಿ."

"ಹೆಂಗದಾಳ್ರಿ?" ಮೊರ ಬದಿಗಿಟ್ಟು ಎದ್ದೇಬಿಟ್ಟಳು. "ಕಣ್ಣ ತಗದಾಳೇನ್ರಿ? ಮಹಾಂತ ಏನೂ ಹೇಳವಲ್ಲ. ಹುಡುಗೂರ್ನ ಅವರ ಆಯಿ ಕಡೆ ನೇಸರಗಿಗೆ ಕಳಸೇನಿ. ಮನಿ ಭಣಭಣ ಅನ್ನಾಕ ಹತ್ತೇತ್ರಿ."

"ಜ್ವರ ಇಳಿದಿಲ್ಲ. ನೀರು ಕೊಡ್ರಿ ಸ್ವಲ್ಪ."

ಅವಳು ಒಳಗೆ ಹೋದಾಗ ನಾನು ಹಿತ್ತಲಿಗೆ ಹೋದೆ. ಗೋಡೆಗೆ ಒಂದು ಹೊರಸು ಆನಿಸಿ ನಿಲ್ಲಿಸಿದ್ದರು. ಚೆನ್ನಾಗಿ ತೊಳೆದಿದ್ದರು. ಹೆಣೆದ ನವಾರುಪಟ್ಟಿಯ ನಡುವೆ ಅಂಗೈ ಅಗಲದ ಜಾಗ ಕಂದಿತ್ತು. ತೊಳೆದರೆ ಮಸಿ ಹೋಗುತ್ತದೆ, ಸುಟ್ಟದ್ದು ಹೋಗುವುದಿಲ್ಲ.

ಹಿಂದೆ ತಂಬಿಗೆ ಬಿದ್ದ ಸದ್ದಾಯಿತು.

"ಶೇಗಡಿ ಎಲ್ಲಿ ಇಟ್ಟೀರಿ ಸೋಮವ್ವಾ?"

"ಯಾವ ಶೇಗಡಿ?"

"ಮಧು ಹೊರಸಿನ ಕೆಳಗ ಇಟ್ಟಿದ್ದು."

"ನಾ ಇಟ್ಟಿಲ್ಲ. ಡಾಕ್ಟರು ಮಷೀನ್ ಹಚ್ಚಿ ಸುಟ್ಟಾರ. ನನ್ನ ಮಗ ಬರದ ಕೊಟ್ಟಾನ."

"ಸುಟ್ಟ ಬಟ್ಟಿಯೊಳಗ ಅಜವಾನ ಸಿಕ್ಕದ. ಡಾಕ್ಟರು ಅಜವಾನ ಹಾಕತಾರೇನು?"

ನನಗೆ ಅವಳನ್ನು ಹಿಂಡುವುದು ಇಷ್ಟವಿರಲಿಲ್ಲ. ಆದರೆ ಅಲ್ಲಿ ಠಾಣೆಯ ಬೆಂಚಿನ ಮೇಲೆ ವರದಾ ಕೂತಿದ್ದಳು, ಸಂಜೆ ದೂರವಿರಲಿಲ್ಲ.

"ನೀವು ಸುಮ್ಮನಿದ್ರ ತಪ್ಪಿಲ್ಲದಾಕಿ ಜೈಲಿಗೆ ಹೋಗತಾಳ ಸೋಮವ್ವಾ. ಧಾರವಾಡದ ಡಾಕ್ಟರಿಗೂ ನಿಜ ಗೊತ್ತಾಗಬೇಕು. ಯಾತರಿಂದ ಸುಟ್ಟದ್ದು ಅಂತ ತಿಳೀದಽ ಅವರು ಏನಂತ ಔಷಧ ಕೊಡಬೇಕು? ಸೊಸಿ ಉಳೀಬೇಕೋ ಬ್ಯಾಡೋ ನಿಮಗ?"

ಅವಳು ಅಲ್ಲೇ ಕುಸಿದು ಕೂತಳು. ಅಳು ಸದ್ದಿಲ್ಲದೆ ಬಂತು.

"ಸೊಸಿ ಅಲ್ರಿ ಅಕಿ. ಮಗಳು. ನನ್ನ ಹೊಟ್ಟ್ಯಾಗ ಹುಟ್ಟಲಿಲ್ಲ ಅಷ್ಟ." ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಮೊನ್ನಿ ಸಂಜಿಮುಂದ ಆಸ್ಪತ್ರಿಯಿಂದ ಬಂದ್ಲರಿ. ನರ್ಸ್ ಅಕ್ಕಾರು ಏನೋ ಹೊಸಾ ಮುಲಾಮ ಹಚ್ಚ್ಯಾರ, ಅಲ್ಲೆ ಎಲ್ಲಾ ಜೋಮ ಹಿಡದಂಗ ಆಗೇತಿ ಅಂದ್ಲು. ಗುಳಗಿ ತಗೊಂಡು ಮಲಗಿದ್ಲು. ನಾ ಕೆಂಡ ಮಾಡಿ ಕೆಳಗ ಸರಸಿದೆ. ಒಳಗ ರೊಟ್ಟಿ ಬಡ್ಯಾಕ ಹತ್ತಿದ್ದೆ. ಕಮಟ ವಾಸನಿ ಬಂತು. ಓಡಿ ಬಂದ ನೋಡಿದ್ರ ಬಟ್ಟಿಗೆ ಕಿಡಿ ಹತ್ತಿ ಒಳಗೊಳಗ ಸುಡಾಕ ಹತ್ತಿತ್ರಿ. ಅಕಿಗೆ ಖಬರ ಇಲ್ಲ! ಮೈ ಸುಡಾಕ ಹತ್ತೇತಿ, ಅಕಿ ನಿದ್ದಿ ಮಾಡಾಕ ಹತ್ತ್ಯಾಳ!"

"ಎಚ್ಚರಾದ ಮ್ಯಾಲೆ?"

"ಮಗಾಗ ಹೇಳಬ್ಯಾಡವಾ ಅಂತ ಕಾಲ ಹಿಡದೇನ್ರಿ. ಅಕಿ ನನ್ನ ಕಾಲ ಹಿಡದ್ಲು. ಯಾಕ ಹಿಡದ್ಲು ನನಗ ತಿಳೀಲಿಲ್ಲ ಅವಾಗ." ನನ್ನ ಮುಖ ನೋಡಿದಳು. "ಬಟ್ಟಿ ಬದಲ ಮಾಡುವಾಗ ನೋಡಿದೆ. ಅಲ್ಲಿ ಹೊಸಾ ಹೊಲಿಗಿ ಹಾಕಿದ್ರು. ಕೂಸು ಇಳದದ್ದಕ್ಕ ಹೊಲಿಗಿ ಯಾಕ್ರಿ ಬಾಯಾರ?"

ಇದೊಂದು ಪ್ರಶ್ನೆ ಬರಬಾರದು ಎಂದು ನಾನು ದಾರಿಯುದ್ದಕ್ಕೂ ಅಂದುಕೊಂಡಿದ್ದೆ.

"ಅದನ್ನ ಮಧುನಽ ಹೇಳಬೇಕು. ಆರಾಮ ಆದ ಮ್ಯಾಲೆ."

"ಹೇಳೂದ ಬ್ಯಾಡ ಬಿಡ್ರಿ. ನನಗೂ ಮೂರ ಬಾಣಂತನ ಆಗ್ಯಾವು. ಮಹಾಂತ ಹುಟ್ಟಿದ ಮ್ಯಾಲೆ ವರ್ಷಾನುಗಟ್ಟಲೆ ಸರಿಯಾಗಿ ಕುಂಡ್ರಾಕ ಆಗತಿದ್ದಿಲ್ಲ. ಯಾರ ಮುಂದ ಹೇಳಬೇಕ್ರಿ? ನಮ್ಮ ಕಾಲಕ್ಕ ಇಂಥಾ ಡಾಕ್ಟರ್ ಇದ್ದಿದ್ರ ನಾನೂ ಹೊಕ್ಕಿದ್ದೆ." ಕಣ್ಣೊರೆಸಿಕೊಂಡಳು. "ನನಗ ಹೇಳಿದ್ರ ನಾ ಬ್ಯಾಡ ಅನ್ನತಿದ್ನೇನ್ರಿ? ಹೇಳಬೇಕಿತ್ತು ಹುಡುಗಿ."

ಒಂದು ಸಣ್ಣ ನಾಚಿಕೆ, ಒಂದು ಸಣ್ಣ ಸುಳ್ಳು. ಅತ್ತೆ ಸೊಸೆ ಒಬ್ಬರಿಗೊಬ್ಬರು ಬಾಯಿ ಬಿಟ್ಟಿದ್ದರೆ ಇಬ್ಬರೂ ಇವತ್ತು ಇದೇ ಹಿತ್ತಲಲ್ಲಿ ಕೂತು ಚಹಾ ಕುಡಿಯುತ್ತಿದ್ದರು.

ಆದರೆ ಒಂದು ಲೆಕ್ಕ ಕೂಡಲಿಲ್ಲ. ಆಪರೇಷನ್ ಆಗಿ ವಾರ ಕಳೆದಿತ್ತು.

"ಸೋಮವ್ವಾ, ಮೊದಲಿಂದ ಕಾಸತಿದ್ರೇನು?"

"ಇಲ್ರಿ. ಬ್ಯಾಡ ಅಂದ್ಲು. ಡಾಕ್ಟರು ಕಾಸಬಾರದು ಅಂದಾರ ಅಂದ್ಲು. ನಾನೂ ಸುಮ್ಮನಿದ್ದೆ."

"ಮತ್ತ ಮೊನ್ನೆ ಯಾಕ ಕಾಸಿದ್ರಿ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಡಾಕ್ಟರಬಾಯಾರ ಹೇಳಿದ್ರಲ್ರಿ!"

"ಯಾರು?"

"ವರದಾ ಡಾಕ್ಟರು. ಫೋನಿನ್ಯಾಗ ಮಾತ ಕಳಿಸಿದ್ರು. ಐತ್ರಿ ಇನ್ನೂ."

ಕಪಾಟಿನಿಂದ ಫೋನು ತಂದಳು. ಬೆರಳಿನಿಂದ ಹುಡುಕಿ, ಒತ್ತಿ, ನನ್ನ ಕೈಗೆ ಕೊಟ್ಟಳು.

ಬಂದದ್ದು ವರದಾಳ ಧ್ವನಿಯೇ. ಎರಡು ಮಾತಿಲ್ಲ. ಹಾಸ್ಟೆಲಿನಲ್ಲಿ ಐದು ವರ್ಷ ಕೇಳಿದ ಧ್ವನಿ.

"ಇವತ್ತಿನಿಂದ ಮುಂಜಾನಿ, ಸಂಜಿ ಎರಡೂ ಹೊತ್ತು ಉರಿ ಹಿಡೀಬೇಕು. ತಪ್ಪಿಸಬ್ಯಾಡ್ರಿ. ಹೆದರೂ ಕಾರಣ ಇಲ್ಲ. ಎಷ್ಟು ಹಿಡೀತೀವಿ ಅಷ್ಟು ಲಗೂ ಮಾಯತದ."

ಯಾರನ್ನು ಉಳಿಸಲು ಬಂದಿದ್ದೆನೋ ಅವಳ ಬಾಯಿಂದಲೇ ಬಂದ ಮಾತು. ಸೋಮವ್ವ ಹೇಳುತ್ತಲೇ ಇದ್ದಳು. "ಉರಿ ಹಿಡೀರಿ ಅಂದ್ರು. ಡಾಕ್ಟರ ಹೇಳಿದ ಮ್ಯಾಲೆ ನಾ ಯಾಕ ಬಿಡ್ಲಿ? ಮಧುಗ ಹೇಳಿದ್ರ ನಾಚಿಕೋತಾಳ ಅಂತ, ಮಲಗಿದ ಮ್ಯಾಲೆ ಇಟ್ಟೆ."

ಉರಿ. ಬೆಳಿಗ್ಗೆ ಕಿವಿಗೆ ಬಿದ್ದು ಹಾಗೇ ಹೋದ ಮಾತು ಈಗ ಮನಸ್ಸಿಗೆ ಬಂದು ಕೂತಿತು. ಆಸ್ಪತ್ರೆಯಲ್ಲಿ ಉರಿ ಎಂದರೆ ಆ ನೇರಳೆ ಕುಡಿ. ದೊಡವಾಡದ ಅಡುಗೆಮನೆಯಲ್ಲಿ ಉರಿ ಎಂದರೆ ಉರಿ. ವರದಾ ಹೇಳಿದ್ದು, ಎರಡೂ ಹೊತ್ತು ಆಸ್ಪತ್ರೆಗೆ ಬನ್ನಿ ಎಂದು. ಹೇಳಿದ್ದು ಮಧುವಿಗೆ.

ಮತ್ತೊಮ್ಮೆ ಪರದೆ ನೋಡಿದೆ. ಧ್ವನಿಯ ಮೇಲೆ ಸಣ್ಣ ಅಕ್ಷರದಲ್ಲಿ 'ಫಾರ್ವರ್ಡ್ ಮಾಡಲಾಗಿದೆ' ಎಂದಿತ್ತು. ಕಳಿಸಿದವರ ಹೆಸರು ಮಧು.

"ಇದು ಮಧು ಫೋನಿನಿಂದ ಬಂದದ. ಯಾವಾಗ ಬಂತು ನೆನಪದ?"

"ನೆನಪೈತ್ರಿ. ಅಕಿ ಇನ್ನೂ ಆಸ್ಪತ್ರ್ಯಾಗ ಇದ್ಲು. ಕೇಳಿ ನಾ ತಿರಗಿ ಫೋನ್ ಹಚ್ಚಿದೆ, ಎತ್ತಲಿಲ್ಲ. ಆಮ್ಯಾಲೆ ಕೇಳಿದ್ರ, ಮಷೀನ್ ಖೋಲ್ಯಾಗ ಇದ್ನಿ ಅತ್ತಿ, ಫೋನ್ ಡಬ್ಬ್ಯಾಗ ಇತ್ತು ಅಂದ್ಲು."

"ಫೋನಿಗೆ ಲಾಕ್?"

"ಹುಡುಗೂರು ಆಟ ಆಡತಾವಂತ ಯಾವ ಲಾಕೂ ಹಾಕಂಗಿಲ್ರಿ ಅಕಿ."

ಮಧು ಯಂತ್ರದ ಕೋಣೆಯಲ್ಲಿ. ಫೋನು ಸ್ಟೀಲ್ ಡಬ್ಬಿಯಲ್ಲಿ. ಆ ಹೊತ್ತಿಗೇ ಯಾರೋ ಡಬ್ಬಿ ತೆರೆದು, ಮಧುವಿಗೆ ಬಂದಿದ್ದ ಮಾತನ್ನು ಅತ್ತೆಗೆ ದಾಟಿಸಿದ್ದರು. ಮಧು ಮನೆಯಲ್ಲಿ ಏನೆಂದು ಸುಳ್ಳು ಹೇಳಿದ್ದಾಳೆ ಎಂಬುದು ಅವರಿಗೆ ಗೊತ್ತಿತ್ತು. ಅತ್ತೆ ಆ ಮಾತು ಕೇಳಿ ಏನು ಮಾಡುತ್ತಾಳೆ ಎಂಬುದೂ ಗೊತ್ತಿತ್ತು. ಕೊಳ್ಳಿ ಇಟ್ಟವರು ಅವರು, ಕೈ ಮಾತ್ರ ಸೋಮವ್ವನದು.

ಕೆಂಪು ದಾರದ ಕೀಲಿ. ಕಿತ್ತೂರಿನ ಖಾನಾವಳಿ. ಹೆಂಡತಿ ಠಾಣೆಯಲ್ಲಿರುವಾಗ ನನಗೆ ಸಾರಥಿಯಾಗಿ ಬಂದ ಗಂಡ.

ಸಮೀರ, ಸಿಕ್ಕಿಬಿದ್ದೆ ಮಗನೇ, ಎಂದುಕೊಂಡೆ.

ಮೊದಲು ಸಾಕ್ಷಿ ಉಳಿಸಿಕೊಳ್ಳಬೇಕು. ನನ್ನ ಫೋನು ತೆಗೆದು, ಸೋಮವ್ವನ ಫೋನಿನ ಪರದೆಯನ್ನು ಚಿತ್ರೀಕರಿಸಲು ಎರಡನ್ನೂ ಎದುರುಬದುರು ಹಿಡಿದೆ. ಹಾಗೆ ಹಿಡಿಯುತ್ತಿದ್ದಾಗಲೇ, ನನ್ನ ಕಣ್ಣೆದುರೇ, ಧ್ವನಿಯ ಆ ಗೆರೆ ಮಾಯವಾಯಿತು.

'ಈ ಸಂದೇಶವನ್ನು ಅಳಿಸಲಾಗಿದೆ.'

"ಅಯ್ಯ, ಎಲ್ಲಿ ಹೋತ್ರಿ?" ಎಂದಳು ಸೋಮವ್ವ.

ಕಳಿಸಿದ ಫೋನಿನಿಂದ ಯಾರೋ ಈಗಷ್ಟೇ ಅದನ್ನು ಅಳಿಸಿದ್ದರು. ಇನ್ನು ಉಳಿದದ್ದು ವೀರಪ್ಪನ ಕೈಯಲ್ಲಿರುವ ವರದಾಳ ಫೋನು. ಅದರಲ್ಲಿ ಅವಳದೇ ಧ್ವನಿ, ಉರಿ ಹಿಡೀಬೇಕು ಎಂದು. ಅದು ದಾರಿ ತಪ್ಪಿ ಈ ಮನೆಗೆ ಹೇಗೆ ಬಂತು ಎನ್ನುವುದಕ್ಕೆ ಸಾಕ್ಷಿಯೇ ಇಲ್ಲ. ವರದಾಳ ಮಾತೇ ಅವಳನ್ನು ಜೈಲಿಗೆ ಕಳಿಸುತ್ತದೆ.

ಒಳಗೆ, ಬೀದಿಯ ಕಡೆಯ ಕಿಟಕಿಗೆ ಓಡಿದೆ. ಸಮೀರನ ಕೈಯಲ್ಲಿ ಮಧುವಿನ ಫೋನು ಕಂಡರೆ ಅಲ್ಲೇ ಹಿಡಿದುಬಿಡಬೇಕು.

ಸಮೀರ ನಲ್ಲಿಯ ಕೆಳಗೆ ಬಾಗಿ ಎರಡೂ ಕೈಯಲ್ಲಿ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದ. ಒಂದೇ ಸಮನೆ ಹಾಕಿಕೊಳ್ಳುತ್ತಿದ್ದ. ಹತ್ತಿರ ಹೋಗದೆಯೇ ಗೊತ್ತಾಯಿತು, ಅದು ಬಿಸಿಲಿಗಲ್ಲ. ಹೆಂಡತಿಗಾಗಿ ಯಾರಿಗೂ ಕಾಣದಂತೆ ಅಳುತ್ತಿದ್ದ. ಅವನ ಫೋನು ಕಾರಿನ ಬಾನೆಟ್ಟಿನ ಮೇಲೆ ಬಿದ್ದಿತ್ತು.

ವರದಾ ಠಾಣೆಯಲ್ಲಿ. ಸಮೀರ ಕಣ್ಣೆದುರು. ಹಾಗಾದರೆ ಯಾರು?

"ಸೋಮವ್ವಾ, ಮಧು ಫೋನು ಈಗ ಎಲ್ಲದ?"

"ಅಕಿ ತಲಿದಿಂಬಿನ ಕೆಳಗ ಐತ್ರಿ. ಮಹಾಂತ ಮುಂಜಾನಿ ಹೇಳಿದ. ಯಾರ ಮುಟ್ಟಿದ್ರೂ ಬಡಬಡಸತಾಳಂತ, ಅದಕ್ಕ ಅಲ್ಲೇ ಬಿಟ್ಟಾನ."

ತಲೆದಿಂಬಿನ ಕೆಳಗೆ. ಇಷ್ಟು ಹೊತ್ತು ಯಾರ ಕೈಗೂ ಸಿಗದ ಫೋನು. ಈಗ ಸಿಕ್ಕಿದೆ. ಡಬ್ಬಿಯ ಇನ್ನೊಂದು ಕೀಲಿ ಸಿಕ್ಕಿಸಿಕೊಂಡವಳ ಬಸ್ಸು ಧಾರವಾಡ ಮುಟ್ಟುವ ಹೊತ್ತು ಇದು. ಮಧುವಿನ ತಲೆದಿಂಬಿನ ತನಕ ಅವಳನ್ನು ಕಳಿಸಿದವಳು ನಾನೇ. ನಂಬಿಗಸ್ತ ಜೀವ ಅಂತ ಹೆಸರು ಬೇರೆ ಕೊಟ್ಟಿದ್ದೆ.

ನಂಬರು ಒತ್ತಿದೆ, ಎರಡು ಸಲ ಹತ್ತಲಿಲ್ಲ. ಮೂರನೇ ಸಲಕ್ಕೆ ಹತ್ತಿತು.

"ಹೇಳ್ರಿ ಬಾಯಾರ" ಎಂದಳು ತಂಗೆವ್ವ. ಧ್ವನಿ ತಣ್ಣಗಿತ್ತು.

"ಮಧು ಹೆಂಗದಾಳ?" ಎಂದೆ, ಏನೂ ಗೊತ್ತಿಲ್ಲದವಳಂತೆ.

"ಕಣ್ಣ ತಗದಿದ್ಲರಿ. ಏನೋ ಹೇಳಾಕ ಹತ್ತಿದ್ಲು. ಮಾತಾಡಬ್ಯಾಡವಾ, ಮಲಕೋ ಅಂದೇನಿ. ಡ್ರೆಸ್ಸಿಂಗ್ ನಾನ ಮಾಡತೇನಿ ಅಂತ ಇಲ್ಲೆ ನರ್ಸ್ ಹುಡುಗ್ಯಾರ್ನ ಹೊರಗ ಕಳಿಸೇನ್ರಿ. ಮೊನ್ನಿ ಹಚ್ಚಿದ ಮುಲಾಮನ ಹಚ್ಚೇನಿ." ಬಾಗಿಲಿಗೆ ಅಗಳಿ ಬಿದ್ದ ಸದ್ದು ಕೇಳಿಸಿತು. "ಇನ್ನ ಅಕಿಗೆ ಏನೂ ಗೊತ್ತಾಗಂಗಿಲ್ಲ."